ಇಂಗ್ಲೆಂಡಿನಲ್ಲಿ ಒಂದು ಮನೆ ಕೊಂಡ ಕಥೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2004ನೇ ಸಾಲಿನಲ್ಲಿ ಇದೇ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಮೇಲೆ ಬಿ.ಇ. ಓದಿ ಬೆಂಗಳೂರಿನಲ್ಲಿ ಕೆಲಸ ಮಾಡಿ, 2015ರಲ್ಲಿ ಇಂಗ್ಲೆಂಡಿಗೆ ಹೋದೆ. ಸಾಧನೆಯ ಬಗ್ಗೆ ಮಾತಾಡಿ ಅಂದರು. ಸಾಧನೆ ಅನ್ನುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಒಂದು ಮನೆ ಕೊಂಡೆ. ಅದು ಹೇಗೆ ಆಯಿತು ಅಂತ ಹೇಳುತ್ತೇನೆ. ಅದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಒಂದೆರಡು ಮಾತು ಇರಬಹುದು.

ನಾವಿರುವ ಊರು ಮಿಲ್ಟನ್ ಕೀನ್ಸ್. ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು ಎಂಬತ್ತು ಕಿಲೋಮೀಟರ್. 1967ರಲ್ಲಿ ಅಲ್ಲಿನ ಸರ್ಕಾರ ಹೊಸ ಪಟ್ಟಣ ಕಟ್ಟಲು ಗುರುತಿಸಿದ ಜಾಗ. ಹಳೆಯ ಹಳ್ಳಿಗಳನ್ನು ಹಾಗೇ ಉಳಿಸಿಕೊಂಡು, ನಡುವೆ ಚೌಕಾಕಾರದಲ್ಲಿ ರಸ್ತೆ ಎಳೆದು, ಒಂದೊಂದು ಚೌಕದಲ್ಲಿ ಒಂದೊಂದು ಬಡಾವಣೆ ಮಾಡಿದ್ದಾರೆ. ನಮ್ಮ ಬಡಾವಣೆಯ ಹೆಸರು ಗ್ರೇಟ್ ಹೋಮ್. ಹೆಸರಿನಲ್ಲೇ ಮನೆ ಇದೆಯಲ್ಲ ಅಂದುಕೊಂಡಿದ್ದೆ. ಆ ‘ಹೋಮ್’ ಬೇರೆ, ನೀರಿನ ಪಕ್ಕದ ಹುಲ್ಲುಗಾವಲಿಗೆ ಇದ್ದ ಹಳೆಯ ಪದವಂತೆ. ಪಕ್ಕದಲ್ಲೇ ವಾಟ್ಲಿಂಗ್ ಸ್ಟ್ರೀಟ್ ಹಾದುಹೋಗುತ್ತದೆ, ರೋಮನ್ನರ ಕಾಲದ ರಸ್ತೆ. ಒಳಗೆ ಲಾಡ್ಜ್ ಲೇಕ್ ಎಂಬ ಒಂದು ಕೆರೆ ಇದೆ.

ಮೊದಲ ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದೆವು. 2019ರಲ್ಲಿ ಮನೆ ಮಾಲೀಕರು ಮನೆ ಮಾರುತ್ತೇವೆ, ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದು ನೋಟಿಸ್ ಕೊಟ್ಟರು. ಆಗಿನ ಕಾನೂನಿನಲ್ಲಿ ಕಾರಣ ಹೇಳಬೇಕಾಗಿಯೂ ಇರಲಿಲ್ಲ. ನನ್ನ ಹೆಂಡತಿಗೆ ಆಗ ಐದು ತಿಂಗಳು. ನಾವು ಅದಾಗಲೇ ಒಂದು ಮನೆ ನೋಡಿ, ಬೆಲೆ ಒಪ್ಪಿಸಿ, ಸಾಲಕ್ಕೆ ಅರ್ಜಿ ಹಾಕಿದ್ದೆವು. ಹಾಗಾಗಿ ಧೈರ್ಯವಾಗಿದ್ದೆವು.

ಸಾಲ ಸಿಗುವುದೇ ಅಲ್ಲಿ ಒಂದು ಪರೀಕ್ಷೆ. ಇಲ್ಲಿ ನಾನು ಎಷ್ಟು ವರ್ಷ ಸರಿಯಾಗಿ ಕಂತು ಕಟ್ಟಿದ್ದೆ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಹುಟ್ಟಿದ ಮಗುವಿನ ಹಾಗೆ ಸೊನ್ನೆಯಿಂದ ಶುರು. ವೀಸಾದ ಮೇಲೆ ಇರುವವರಿಗೆ ಕೆಲವು ಬ್ಯಾಂಕುಗಳು ಹೆಚ್ಚು ಮುಂಗಡ ಕೇಳುತ್ತವೆ. ಒಂದು ಅನುಕೂಲ ಮಾತ್ರ ಇದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಅಲ್ಲಿ ವಾಸಿಸಲು ಅನುಮತಿ ಇರುವ ನಮ್ಮಂಥವರೂ ಮತದಾರರ ಪಟ್ಟಿಗೆ ಸೇರಬಹುದು. ಆ ಪಟ್ಟಿಯಲ್ಲಿ ಹೆಸರಿದ್ದರೆ ಬ್ಯಾಂಕಿನವರಿಗೆ ನಂಬಿಕೆ ಹೆಚ್ಚು.

ಎಂಟನೆಯ ವಾರ ದಲ್ಲಾಳಿ ಫೋನ್ ಮಾಡಿದ. ಇನ್ನೊಬ್ಬರು ಹತ್ತು ಸಾವಿರ ಪೌಂಡ್ ಹೆಚ್ಚಿಗೆ ಕೊಡುತ್ತಾರಂತೆ, ಮನೆಯವರು ಅವರಿಗೆ ಒಪ್ಪಿಕೊಂಡಿದ್ದಾರೆ ಅಂದ. ನಾನು ನಂಬಲಿಲ್ಲ. ಬೆಲೆ ಒಪ್ಪಿಕೊಂಡು ಕಾಗದ ಕಳಿಸಿದ್ದರಲ್ಲ! ಆ ಕಾಗದವನ್ನು ತೆಗೆದು ಮತ್ತೆ ಓದಿದೆ. ‘ಕರಾರಿಗೆ ಒಳಪಟ್ಟು’ ಎಂದು ಮೇಲೇ ಬರೆದಿತ್ತು. ಇಂಗ್ಲೆಂಡಿನಲ್ಲಿ ಎರಡೂ ಕಡೆಯ ವಕೀಲರು ಸಹಿಯಾದ ಕರಾರು ಪತ್ರಗಳನ್ನು ಬದಲಾಯಿಸಿಕೊಳ್ಳುವವರೆಗೆ ಯಾರಿಗೂ ಬಂಧನವಿಲ್ಲ. ಕೊಡುವವರೂ ಹಿಂದೆ ಸರಿಯಬಹುದು, ಕೊಳ್ಳುವವರೂ ಸರಿಯಬಹುದು. ಮನೆ ತಪಾಸಣೆಗೆ, ವಕೀಲರಿಗೆ ನಾನು ಕೊಟ್ಟಿದ್ದ ಸುಮಾರು 1,400 ಪೌಂಡ್ ಹೋಯಿತು. ದಲ್ಲಾಳಿ ಮಾರುವವರ ಕಡೆಯವನು, ಅವರಿಂದಲೇ ಹಣ ಪಡೆಯುವವನು. ಅದನ್ನೂ ನಾನು ಆಮೇಲೆ ಯೋಚಿಸಿದೆ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ರೇಗಾಡಿದೆ. ಇವರಿಗೆ ಮಾತಿನ ಮೇಲೆ ನಿಲ್ಲುವುದು ಗೊತ್ತಿಲ್ಲ ಅಂದೆ. ಅಪ್ಪ ಎಲ್ಲ ಕೇಳಿಸಿಕೊಂಡು, “ಇಲ್ಲೇನು ಎಲ್ಲರೂ ನಿಲ್ತಾರಾ? ಸಹಿ ಆಗೋಕೆ ಮೊದ್ಲೇ ಗೊತ್ತಾಯ್ತಲ್ಲ, ಬಿಡು. ನಾಳೆ ಬೇರೆ ಮನೆ ನೋಡು” ಅಂದರು. ಮಾರನೆಯ ದಿನ ನೋಡಲು ಹೊರಟೆವು.

ಎರಡನೆಯ ಮನೆ ಗ್ರೇಟ್ ಹೋಮಿನದು. ಸಾಲು ಮನೆಗಳಲ್ಲಿ ಒಂದು, ಮೂರು ಮಲಗುವ ಕೋಣೆ. ಒಬ್ಬ ವಯಸ್ಸಾದ ಹೆಂಗಸು ಒಬ್ಬರೇ ಇದ್ದರು. ಮಗಳ ಊರಿನಲ್ಲಿ ಸಣ್ಣ ಫ್ಲ್ಯಾಟು ಕೊಂಡು ಹೋಗುವವರಿದ್ದರು. ಆ ಫ್ಲ್ಯಾಟಿನವರು ಇನ್ನೊಂದು ಮನೆ ಕೊಳ್ಳುವವರು. ಇದಕ್ಕೆ ಅಲ್ಲಿ ‘ಚೈನ್’ ಅನ್ನುತ್ತಾರೆ. ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎಲ್ಲರ ವ್ಯವಹಾರವೂ ನಿಂತುಹೋಗುತ್ತದೆ. ಕಾನೂನು ಅದೇ, ಅವರೂ ಯಾವಾಗ ಬೇಕಾದರೂ ಬೇಡ ಅನ್ನಬಹುದಿತ್ತು. ಈ ನಡುವೆ ನೋಟಿಸಿನ ಅವಧಿ ಮುಗಿಯಿತು. ಬಾಡಿಗೆ ಮನೆಯವರ ಕೈಕಾಲು ಹಿಡಿದು ಆರು ವಾರ ಹೆಚ್ಚಿಗೆ ಪಡೆದೆವು.

ಈ ಸಲ ನಾನು ಪ್ರತಿ ಕಾಗದ ಓದಿದೆ. ತಪಾಸಣೆ ಮಾಡಿದವರು ಬಾಯ್ಲರ್ ಹಳೆಯದು ಎಂದು ಬರೆದಿದ್ದರು. ಅದರ ಮೇಲೆ ಬೆಲೆ ಸ್ವಲ್ಪ ಇಳಿಸಿಕೊಂಡೆವು. ವಕೀಲರು ಸ್ಥಳೀಯ ಆಡಳಿತ, ಒಳಚರಂಡಿ, ಪ್ರವಾಹ ಎಲ್ಲದರ ಹುಡುಕಾಟ ಮಾಡಿಸಿ ವರದಿ ಕಳಿಸಿದರು. ಮನೆಯ ದಾಖಲೆಯಲ್ಲಿ ಕೆಲವು ಷರತ್ತುಗಳಿದ್ದವು. ಮುಂದಿನ ಅಂಗಳಕ್ಕೆ ಬೇಲಿ ಹಾಕುವಂತಿಲ್ಲ ಎನ್ನುವುದು ಅದರಲ್ಲೊಂದು. ಕೊನೆಗೆ ಶೇಕಡಾ 10 ಮುಂಗಡ ಕಟ್ಟಿದೆವು. ಒಂದು ಮಧ್ಯಾಹ್ನ ಇಬ್ಬರು ವಕೀಲರು ಫೋನಿನಲ್ಲಿ ಮಾತಾಡಿಕೊಂಡರು, ಕರಾರು ಬಿಗಿಯಾಯಿತು. ಉಪನೋಂದಣಿ ಕಚೇರಿ ಇಲ್ಲ, ಸಾಕ್ಷಿಗಳನ್ನು ಕರೆದುಕೊಂಡು ಹೋಗುವುದಿಲ್ಲ, ಹೆಬ್ಬೆಟ್ಟಿಲ್ಲ. ಅದಾದ ಮೇಲೆ ಹಿಂದೆ ಸರಿದರೆ ಮುಂಗಡ ಹೋಗುತ್ತದೆ.

ಬೀಗದ ಕೈ ಸಿಕ್ಕಿ ಒಳಗೆ ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಆ ಅಜ್ಜಿ ಕೈಬರಹದಲ್ಲಿ ಎರಡು ಹಾಳೆ ಬರೆದಿಟ್ಟಿದ್ದರು. ಯಾವ ವಾರ ಯಾವ ಕಸ, ನೀರಿನ ಮುಖ್ಯ ನಲ್ಲಿ ಎಲ್ಲಿ, ಚಳಿಗಾಲದಲ್ಲಿ ಯಾವ ಕಿಟಕಿ ಸ್ವಲ್ಪ ತೆರೆದಿಡಬೇಕು, ಪಕ್ಕದ ಮನೆಯವರಿಗೆ ಕಿವಿ ಮಂದ, ಜೋರಾಗಿ ಬಾಗಿಲು ಬಡಿಯಿರಿ, ಎಲ್ಲ. ಇದನ್ನು ಬರೆಯಬೇಕೆಂದು ಯಾವ ಕಾನೂನೂ ಅವರಿಗೆ ಹೇಳಿರಲಿಲ್ಲ. ಇಂಗ್ಲೆಂಡಿನವರು ಹೀಗೆ, ನಾವು ಹಾಗೆ ಎಂದು ಮಾತಾಡುವುದನ್ನು ನಾನು ಅವತ್ತೇ ಬಿಟ್ಟೆ. ಆ ಹಾಳೆಗಳು ಇನ್ನೂ ನಮ್ಮಲ್ಲಿವೆ. ಮೂರು ವಾರಕ್ಕೆ ಮಗಳು ಹುಟ್ಟಿದಳು.

ಅಪ್ಪ, ಅಮ್ಮ ಸಂದರ್ಶಕರ ವೀಸಾದಲ್ಲಿ ಬಂದರು. ಅಪ್ಪ ಮೊದಲು ಒಳಗೋಡೆಯನ್ನು ಬೆರಳಲ್ಲಿ ತಟ್ಟಿದರು. ಟೊಳ್ಳು ಶಬ್ದ ಬಂತು. “ಇದೇನೋ ರಟ್ಟಿನ ಗೋಡೆ! ಇದಕ್ಕಾ ಇಷ್ಟು ದುಡ್ಡು?” ಅಂದರು. ಮುಂದೆ ಬೇಲಿ ಇಲ್ಲದ್ದು ನೋಡಿ, ನಮ್ಮ ಬದು ಎಲ್ಲಿಗೆ ಎಂದು ಕೇಳಿದರು. ಆಮೇಲೆ ಕ್ರಯಪತ್ರ ತೋರಿಸು ಅಂದರು. ಪತ್ರ ಇಲ್ಲ, ಭೂ ನೋಂದಣಿ ಇಲಾಖೆಯ ಕಂಪ್ಯೂಟರಿನಲ್ಲಿ ಹೆಸರು ಇರುತ್ತದೆ, ಬ್ಯಾಂಕಿನ ಸಾಲವೂ ಅಲ್ಲೇ ದಾಖಲಾಗಿರುತ್ತದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು ಅಂದೆ. “ಅಂದ್ರೆ ಪಹಣಿ, ಇ.ಸಿ. ಎರಡೂ ಒಂದೇ ಕಡೆ” ಅಂದರು. ನಾನು ಅದನ್ನು ಅಷ್ಟು ಸರಿಯಾಗಿ ಹೇಳಲಾರೆ.

ಅವರಿಗೆ ಇಷ್ಟವಾದದ್ದು ಕೆರೆ. ದಿನಾ ಸಂಜೆ ಮೊಮ್ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಲಾಡ್ಜ್ ಲೇಕ್ ಸುತ್ತುತ್ತಿದ್ದರು. ಅದು ಅಂದಕ್ಕೆ ಮಾಡಿದ ಕೆರೆಯಲ್ಲ. ಅಷ್ಟು ಮನೆ, ರಸ್ತೆ ಕಟ್ಟಿದ ಮೇಲೆ ಮಳೆ ನೀರು ಒಮ್ಮೆಲೇ ನುಗ್ಗದಂತೆ ಹಿಡಿದಿಟ್ಟು ಮೆಲ್ಲಗೆ ಬಿಡಲು ಮಾಡಿದ್ದು. ಅಂಥ ಕೆರೆ, ಉದ್ಯಾನಗಳನ್ನು ನೋಡಿಕೊಳ್ಳಲು 1992ರಲ್ಲಿ ಒಂದು ಟ್ರಸ್ಟ್ ಮಾಡಿ, ಅದರ ಖರ್ಚಿಗೆ ಆದಾಯ ಬರುವ ಆಸ್ತಿಯನ್ನೂ ಕೊಟ್ಟಿದ್ದಾರೆ. ಅಪ್ಪ ಇದನ್ನು ಕೇಳಿ, “ಕೆರೆಗೆ ಮಾನ್ಯ ಬಿಟ್ಟ ಹಾಗೆ” ಅಂದರು. ನಮ್ಮ ಊರ ಕೆರೆಯ ಹೂಳು ತೆಗೆದು ಎಷ್ಟು ವರ್ಷವಾಯಿತು ಎಂದು ಇಲ್ಲಿರುವ ಹಿರಿಯರಿಗೆ ಗೊತ್ತು. ಹಳೆಯ ವಿದ್ಯಾರ್ಥಿಗಳ ಸಂಘ ಆ ಕೆಲಸ ಹಿಡಿದರೆ ನನ್ನ ಪಾಲು ಕೊಡುತ್ತೇನೆ.

ಹೊರಡುವ ಹಿಂದಿನ ರಾತ್ರಿ ಅಪ್ಪ ಕೇಳಿದರು, “ಮನೇನೇ ತಗೊಂಡ ಮೇಲೆ, ಇನ್ನು ಊರಿಗೆ ಬರಲ್ಲ ಅಂತ್ಲೇ ಆಯ್ತಲ್ಲ?” ನೀವೇ ಇಲ್ಲಿಗೆ ಬನ್ನಿ ಅನ್ನಲು ಬಾಯಿ ತೆರೆದೆ, ಸುಮ್ಮನಾದೆ. 2012ರಿಂದ ಅಲ್ಲಿನ ನಿಯಮ ಬಹಳ ಬಿಗಿಯಾಗಿದೆ, ವಯಸ್ಸಾದ ತಂದೆತಾಯಿಯನ್ನು ಶಾಶ್ವತವಾಗಿ ಕರೆಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ಮನೆಯಲ್ಲಿ ಅವರಿಗೊಂದು ಕೋಣೆ ಇದೆ, ಆದರೆ ಅವರು ಅಲ್ಲಿ ಯಾವಾಗಲೂ ನೆಂಟರೇ. ಮನೆಯ ಕಾಗದಗಳನ್ನು ಅಷ್ಟು ಸಲ ಓದಿದ ನಾನು, ಈ ಒಂದು ಷರತ್ತನ್ನು ಸಹಿ ಮಾಡುವ ಮೊದಲು ಅವರ ಜೊತೆ ಕೂತು ಮಾತಾಡಿರಲಿಲ್ಲ.

ಅಪ್ಪ ಇವತ್ತು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಉತ್ತರ ನನ್ನ ಹತ್ತಿರ ಇನ್ನೂ ಇಲ್ಲ. ಬರುತ್ತೇನೆ ಎಂದು ವೇದಿಕೆಯ ಮೇಲೆ ಸುಳ್ಳು ಹೇಳಲಾರೆ.

ತಮ್ಮ ತಂಗಿಯರೆ, ನಿಮ್ಮಲ್ಲಿ ಕೆಲವರು ದೂರ ಹೋಗುತ್ತೀರಿ. ಇಂಗ್ಲಿಷಿಗೆ ಹೆದರಬೇಡಿ, ಈ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲೇ ನಾನು ಆ ಕಾಗದಗಳನ್ನು ಓದಿದ್ದು. ಸಹಿ ಮಾಡುವ ಮೊದಲು ಪೂರ್ತಿ ಓದಿ. ಗೊತ್ತಾಗದಿದ್ದರೆ ನಾಚಿಕೆ ಬಿಟ್ಟು ಕೇಳಿ. ಕಾಗದದಲ್ಲಿ ಬರೆಯದ ಷರತ್ತುಗಳೂ ಇರುತ್ತವೆ. ಅವನ್ನು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.