ನಾಲ್ಕನೇ ತರಗತಿಯಲ್ಲಿ ತಡವರಿಸುವ ಮಗು



ಸಂಶೋಧನೆ ಎಂದ ಕೂಡಲೇ ಅದು ವಿಶ್ವವಿದ್ಯಾಲಯದವರ ಕೆಲಸ, ನಮಗೇಕೆ ಎಂಬ ಭಾವನೆ ಇದೆ. ಬಿ.ಎಡ್.ನಲ್ಲಿ ಕ್ರಿಯಾ ಸಂಶೋಧನೆಯ ವರದಿ ಬರೆದು, ಸಹಿ ಹಾಕಿಸಿ, ಕಪಾಟಿನಲ್ಲಿ ಇಟ್ಟವರೇ ಹೆಚ್ಚು. ಆದರೆ ನಮ್ಮ ಉರ್ದು ಶಾಲೆಗಳ ಒಂದು ಹಳೆಯ ತೊಂದರೆಯನ್ನು ಸಂಶೋಧನೆಯ ಬೆಳಕಿನಲ್ಲಿ ನೋಡಬೇಕಾಗಿದೆ.

ನಾಲ್ಕನೇ ತರಗತಿಯ ಮಗು ಕನ್ನಡ ಓದುವಾಗ ಕೊಂಬಿನಲ್ಲಿ ತಪ್ಪುತ್ತದೆ, ಒತ್ತಕ್ಷರ ಬಂದರೆ ನಿಂತುಬಿಡುತ್ತದೆ. 'ದಡ್ಡ' ಎಂಬ ಹಣೆಪಟ್ಟಿ ಅಂಟುತ್ತದೆ. ಮನೆಯವರೂ ಅದನ್ನು ನಂಬುತ್ತಾರೆ. ಮುಂದೆ ಆ ಮಗು ಗ್ಯಾರೇಜಿಗೋ ಹೊಲಿಗೆ ಯಂತ್ರದ ಮುಂದಕ್ಕೋ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳುತ್ತದೆ. ಇಂಗ್ಲಿಷಿನ 26 ಅಕ್ಷರಗಳು ಬೇಗ ಮುಗಿಯುತ್ತವೆ. ಕನ್ನಡದಲ್ಲಿ ಕಾಗುಣಿತ ಸೇರಿ 400ಕ್ಕೂ ಹೆಚ್ಚು ರೂಪಗಳು, ಮೇಲೆ ಒತ್ತಕ್ಷರಗಳು. ಇವುಗಳ ಕಲಿಕೆ ನಾಲ್ಕನೇ ತರಗತಿಯಲ್ಲೂ ನಡೆದೇ ಇರುತ್ತದೆ. ಎಂದರೆ ಮಗು ದಡ್ಡನಲ್ಲ, ಅದರ ಕಲಿಕೆ ಇನ್ನೂ ಮುಗಿದಿಲ್ಲ. ಮುಗಿಯಿತೆಂದು ಮುಂದೆ ಓಡುವುದು ಪಠ್ಯಪುಸ್ತಕ. ಯಾದಗಿರಿಯ ಕನ್ನಡ ಮಕ್ಕಳನ್ನೂ ಪಾಲ್ಘರಿನ ಮರಾಠಿ ಮಕ್ಕಳನ್ನೂ ಮೂರನೇ ತರಗತಿಯವರೆಗೆ ಗಮನಿಸಿದ ಶೈಲಜಾ ಮೆನನ್ ಮತ್ತು ಸಂಗಡಿಗರು ಇನ್ನೊಂದು ಕೊರತೆ ತೋರಿಸಿದರು: ತರಗತಿಯ ಸಮಯ ಅಕ್ಷರ ತಿದ್ದುವುದಕ್ಕೇ ಹೋಗುತ್ತದೆ, ಅರ್ಥದ ಮಾತುಕತೆಗೆ ಉಳಿಯುವುದು ಅತ್ಯಲ್ಪ.

ನಮ್ಮ ಮಕ್ಕಳ ಹೊರೆ ಇನ್ನೂ ಹೆಚ್ಚು. ಮನೆಯಲ್ಲಿ ದಖನಿ, ಪುಸ್ತಕದಲ್ಲಿ ಬೇರೆಯೇ ಉರ್ದು, ಸಂತೆಯಲ್ಲಿ ಕನ್ನಡ. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಉರ್ದುವಿನಲ್ಲಿ 'ದಿನ್' ಬರೆಯಲು ದಾಲ್, ನೂನ್ ಎರಡೇ ಸಾಕು, ಜೇರ್ ಹಾಕುವವರು ಅಪರೂಪ. ಕನ್ನಡದಲ್ಲಿ ಗುಡಿಸು ಬಿಟ್ಟರೆ 'ದಿನ' ಹೋಗಿ 'ದನ' ಆಗುತ್ತದೆ! ಇದು ಮಗುವಿನ ಅಲಕ್ಷ್ಯವಲ್ಲ, ಒಂದು ಲಿಪಿಯ ರೂಢಿ ಇನ್ನೊಂದಕ್ಕೆ ಬಂದದ್ದೂ ಇರಬಹುದು. ಆದ್ದರಿಂದ ಬೇರೆ ಊರಿನ ಅಧ್ಯಯನವನ್ನು ಇದ್ದ ಹಾಗೆ ತಂದು ಅಂಟಿಸಬಾರದು, ನಮ್ಮ ತರಗತಿಯಲ್ಲಿ ಪರೀಕ್ಷಿಸಿ ನೋಡಬೇಕು.

ಪರಿಹಾರಕ್ಕೂ ಪುರಾವೆ ಇದೆ. 2001ರಿಂದ 2003ರವರೆಗೆ ವಡೋದರಾ, ಮುಂಬಯಿಯ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯೊಬ್ಬಳು ದಿನಕ್ಕೆ ಎರಡು ತಾಸು ಪಾಠ ಹೇಳಿದಳು. ಅಂಥ ಸಹಾಯ ಇಲ್ಲದ ತರಗತಿಗಳೊಂದಿಗೆ ಹೋಲಿಸಿದಾಗ ಅಂಕಗಳು ಏರಿದವು, ಅದರಲ್ಲೂ ತೀರ ಹಿಂದಿದ್ದ ಮಕ್ಕಳಿಗೆ ಹೆಚ್ಚು ಲಾಭವಾಯಿತು. ಈ ಅಧ್ಯಯನ ಮಾಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರಿಗೆ 2019ರಲ್ಲಿ ನೊಬೆಲ್ ಬಂತು. ಕಾರ್ಯಕ್ರಮ ನಿಂತ ಒಂದು ವರ್ಷದಲ್ಲಿ ಲಾಭದ ಬಹುಪಾಲು ಕರಗಿತು ಎಂಬುದನ್ನೂ ಅವರೇ ಬರೆದಿದ್ದಾರೆ. ಹಾಗಾಗಿ ಒಂದು ತಿಂಗಳ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡರೆ ಸಾಲದು.

ನನ್ನ ಸಲಹೆ ಸಣ್ಣದು. ಜೂನ್ ತಿಂಗಳಲ್ಲಿ ಒಂದೊಂದೇ ಮಗುವನ್ನು ಕೂರಿಸಿಕೊಂಡು ಅಕ್ಷರ, ಪದ, ಪ್ಯಾರಾ, ಕಥೆ ಓದಿಸಿರಿ. 2005ರಿಂದ ಅಸರ್ ಸಮೀಕ್ಷೆಯವರು ಮಾಡುತ್ತಿರುವುದು ಇದನ್ನೇ. ಮಗುವಿಗೆ ಐದು ನಿಮಿಷದಂತೆ 40 ಮಕ್ಕಳಿಗೆ ಮೂರು ತಾಸು ಇಪ್ಪತ್ತು ನಿಮಿಷ, ಒಂದು ವಾರದಲ್ಲಿ ಹಂಚಿಕೊಳ್ಳಬಹುದು. ಎಲ್ಲಿ ನಿಂತಿತೋ ಬರೆದಿಡಿರಿ, ದಸರೆ ರಜೆಯ ನಂತರ ಮತ್ತೆ ಓದಿಸಿರಿ. ಪ್ರೌಢಶಾಲೆಯ ವಿದ್ಯಾರ್ಥಿಗಳೇ, ಸಂಜೆ ನಿಮ್ಮ ಓಣಿಯ ಮಕ್ಕಳಿಗೆ ಅರ್ಧ ತಾಸು ಕೊಡಬಲ್ಲಿರಾ? ಪದಪಟ್ಟಿ ನಾನು ಮಾಡಿಕೊಡುತ್ತೇನೆ. ಅದರಲ್ಲಿ ದಿನ, ದನ ಎರಡೂ ಇರುತ್ತವೆ.