ಅದೇ ಪ್ರಸಂಗ, ಬೇರೆ ರಾತ್ರಿ

(ದೋಹಾದಲ್ಲಿ ನಡೆದ ನಮ್ಮ ಬಳಗದ ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ, ಯಕ್ಷಗಾನ ಆರಂಭವಾಗುವ ಮೊದಲು ಮಾಡಿದ ಭಾಷಣದ ಬರಹರೂಪ)



ಚೌಕಿಯಲ್ಲಿ ಬಣ್ಣ ಹಚ್ಚಿ ಆಗಿದೆ, ಚೆಂಡೆ ಬಿಗಿದು ಆಗಿದೆ. ಇಂಥ ಹೊತ್ತಿನಲ್ಲಿ ಮೈಕು ಹಿಡಿದವರನ್ನು ಊರಿನಲ್ಲಿ ಜನ ಹೇಗೆ ನೋಡುತ್ತಾರೆಂದು ನಮಗೆ ಗೊತ್ತು. ನಾವೂ ಹಾಗೇ ನೋಡಿದವರು. ಆದ್ದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ನಾವು ವಿದ್ವಾಂಸರಲ್ಲ, ವಿಮರ್ಶಕರೂ ಅಲ್ಲ. ಆಟದ ಹುಚ್ಚಿನವರು, ಅಷ್ಟೆ. ಹುಚ್ಚಿನವರ ಪರವಾಗಿ ನಾಲ್ಕು ಮಾತು ಹೇಳಿ, ಕೊನೆಗೊಂದು ಸಾಲದ ವಿಷಯ ಪ್ರಸ್ತಾಪಿಸಿ ಕೆಳಗಿಳಿಯುತ್ತೇವೆ.

ನಮ್ಮ ಮನೆಗಳಲ್ಲಿ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ. "ಅಪ್ಪಾ, ಈ ಕತೆಯನ್ನು ಹೋದ ಸಲವೂ ನೋಡಿದ್ದೀರಲ್ಲ, ಮತ್ತೆ ಯಾಕೆ?" ಪ್ರಶ್ನೆ ನ್ಯಾಯವಾದದ್ದೇ. ಸಿನಿಮಾ ಒಂದು ಸಲ ನೋಡಿದರೆ ಸಾಕು, ಎರಡು ಸಲ ನೋಡಿದರೆ ಜಾಸ್ತಿ. ಆದರೆ ಯಕ್ಷಗಾನದ ಪ್ರಸಂಗ ಪುಸ್ತಕವನ್ನು ತೆರೆದು ನೋಡಿ. ಅದರಲ್ಲಿರುವುದು ಪದ್ಯಗಳು. ಪಾತ್ರಧಾರಿ ಆಡುವ ಮಾತು ಅದರಲ್ಲಿಲ್ಲ. ಅದು ಆ ರಾತ್ರಿ, ಆ ರಂಗಸ್ಥಳದಲ್ಲಿ, ಎದುರಿಗೆ ನಿಂತ ಪಾತ್ರಧಾರಿಗೆ ಉತ್ತರವಾಗಿ ಹುಟ್ಟಬೇಕು. ಭಾಗವತರು ಪದ್ಯವನ್ನು ಯಾವ ರಾಗಕ್ಕೆ ತಿರುಗಿಸುತ್ತಾರೆ, ಯಾವ ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ, ವೇಷ ಎಷ್ಟು ಹೊತ್ತು ಕುಣಿಯುತ್ತದೆ, ಮದ್ದಳೆ ಎಲ್ಲಿ ತಡೆದು ಚೆಂಡೆ ಎಲ್ಲಿ ನುಗ್ಗುತ್ತದೆ, ಇವೂ ಬಹುಮಟ್ಟಿಗೆ ಆಗಿಂದಾಗಲೇ ತೀರ್ಮಾನವಾಗುವ ಸಂಗತಿಗಳು. ಭಾಗವತನೇ ಮೊದಲನೇ ವೇಷ ಎಂದು ಹಿರಿಯರು ಹೇಳುವುದು ಇದಕ್ಕೇ. ಕತೆ ಹಳೆಯದು, ರಾತ್ರಿ ಹೊಸದು.

ಒಂದು ಉದಾಹರಣೆ ಕೊಡುತ್ತೇವೆ. ನಮ್ಮಲ್ಲಿ ಕೆಲವರು ಒಂದೇ ತಿರುಗಾಟದಲ್ಲಿ ಮೂರು ಊರಿನಲ್ಲಿ 'ಭೀಷ್ಮ ವಿಜಯ' ನೋಡಿದ್ದೆವು. ಅಂಬೆ ಸಾಲ್ವನಿಂದಲೂ ತಿರಸ್ಕೃತಳಾಗಿ ಭೀಷ್ಮನ ಮುಂದೆ ಬಂದು ನಿಲ್ಲುವ ಜಾಗ. ಮೊದಲ ಊರಿನಲ್ಲಿ ಅಂಬೆ ಸಿಡಿದು ಮಾತಾಡಿದಳು, ಭೀಷ್ಮ ಧರ್ಮಶಾಸ್ತ್ರ ಹೇಳಿ ಗೆದ್ದ. ಎರಡನೇ ಊರಿನಲ್ಲಿ ಅದೇ ಕಲಾವಿದರು, ಆದರೆ ಅಂಬೆ ದನಿ ಏರಿಸಲೇ ಇಲ್ಲ. ತಗ್ಗಿದ ದನಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದಳು. ಭೀಷ್ಮನಿಗೆ ಉತ್ತರ ತಡವಾಯಿತು. ಆ ತಡ ನಟನೆಯೋ ನಿಜವೋ ನಮಗೆ ಇವತ್ತಿಗೂ ತಿಳಿದಿಲ್ಲ. ಮೂರನೇ ಊರಿನಲ್ಲಿ ಕರೆಂಟು ಹೋಯಿತು, ಮೈಕು ಸತ್ತಿತು. ಭಾಗವತರು ಪದ್ಯ ನಿಲ್ಲಿಸಲಿಲ್ಲ. ಸಭೆಯೆಲ್ಲ ಉಸಿರು ಬಿಗಿಹಿಡಿದು, ಹಿಂದಿದ್ದವರು ಎದ್ದು ಮುಂದೆ ಬಂದು ಕೂತು ಆ ಪದ್ಯ ಕೇಳಿದೆವು. ಒಂದೇ ಪ್ರಸಂಗ, ಮೂರು ಆಟ. ನಾಲ್ಕನೇ ಊರು ಇದ್ದಿದ್ದರೆ ಅಲ್ಲಿಗೂ ಹೋಗುತ್ತಿದ್ದೆವು.

ಇದು ನಮ್ಮೊಬ್ಬರ ಹುಚ್ಚಲ್ಲ. ತೆಂಕಿನವರಿರಲಿ ಬಡಗಿನವರಿರಲಿ, ಕುಂಬಳೆಯಿಂದ ಹೊನ್ನಾವರದವರೆಗೆ ಎಲ್ಲ ಊರಲ್ಲೂ ಇಂಥವರಿದ್ದಾರೆ. ದೀಪಾವಳಿ ಕಳೆದು ಮೇಳಗಳು ಹೊರಟವೆಂದರೆ ಮೇ ಕೊನೆಯ ಪತ್ತನಾಜೆಯವರೆಗೆ "ಇವತ್ತು ಆಟ ಎಲ್ಲಿ ಮಾರಾಯ್ರೆ?" ಎಂಬುದೇ ಮಾತು. ಗದ್ದೆಯ ಹುಣಿಯಲ್ಲಿ ಸೂಟೆ ಹಿಡಿದು ನಡೆದು ಹೋಗಿ, ಚಾಪೆ ಹಾಸಿ, ಕೋಡಂಗಿಯಿಂದ ಮಂಗಳದವರೆಗೆ ಕೂತು, ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸಿ ಪೆಟ್ಟು ತಿಂದವರು ಈ ಸಭೆಯಲ್ಲೇ ಹಲವರಿದ್ದಾರೆ.

ಅಂಥವರನ್ನು ತಂದು ಕತಾರಿಗೆ ಹಾಕಿದರೆ ಏನಾಗುತ್ತದೆ? ನಮಗೆ ರಜೆ ಸಿಗುವುದು ಮಕ್ಕಳ ಶಾಲೆಗೆ ರಜೆ ಬಂದಾಗ, ಜುಲೈ ಆಗಸ್ಟಿನಲ್ಲಿ. ಆಗ ಊರಿನಲ್ಲಿ ಧೋ ಎಂದು ಮಳೆ. ಮೇಳಗಳು ಗೆಜ್ಜೆ ಬಿಚ್ಚಿ ಆಗಿರುತ್ತದೆ. ಸಿಕ್ಕಿದರೆ ಒಂದು ತಾಳಮದ್ದಳೆ, ಇಲ್ಲವೇ ಮನೆ ಬಾಗಿಲಿಗೆ ಬರುವ ಚಿಕ್ಕಮೇಳ. ಹೀಗೆ ವರ್ಷಗಟ್ಟಲೆ ಬಯಲಾಟದ ಒಂದು ರಾತ್ರಿಯೂ ಇಲ್ಲದೆ ಕಳೆದವರು ನಾವು.

ಆಗ ನಮ್ಮನ್ನು ಉಳಿಸಿದ್ದು ಕ್ಯಾಸೆಟ್ಟು. ನಜ್ಮಾದ ಒಂದು ಬ್ಯಾಚುಲರ್ ರೂಮಿನಲ್ಲಿ ಬಿಸ್ಕತ್ತಿನ ಡಬ್ಬದ ತುಂಬ ಕ್ಯಾಸೆಟ್ಟುಗಳಿದ್ದವು. ಗುರುವಾರ ರಾತ್ರಿ ಅಲ್ಲಿ ನಮ್ಮ ಆಟ. ಕೆಲವರು ಮೆಸಯೀದ್‌ನಿಂದ, ಕೆಲವರು ಅಲ್ ಖೋರ್‌ನಿಂದ ಬರುತ್ತಿದ್ದರು. ಹೆಚ್ಚಿನವು ಯಾರೋ ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದವು. ಮಗು ಅಳುವುದು, ಜನರೇಟರಿನ ಗುಂಯ್ ಸದ್ದು, ಯಾರೋ ಕೆಮ್ಮುವುದು, ಎಲ್ಲವೂ ಅದರಲ್ಲಿತ್ತು. ಕಾಳಿಂಗ ನಾವಡರ ಪದ್ಯಗಳ ಕ್ಯಾಸೆಟ್ಟೊಂದು ಎಷ್ಟು ಸಲ ಸಿಕ್ಕಿಹಾಕಿಕೊಂಡು ಪೆನ್ಸಿಲಿನಿಂದ ಸುತ್ತಿಸಿಕೊಂಡಿತೋ ಲೆಕ್ಕವಿಲ್ಲ. ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತರ ಆಸುಪಾಸಿನ ಪ್ರಾಯ. ಅವರನ್ನು ಒಮ್ಮೆಯೂ ಎದುರಿಗೆ ಕೂತು ಕೇಳದ ಎಷ್ಟೋ ಮಂದಿ ಇಂಥ ಕ್ಯಾಸೆಟ್ಟುಗಳಿಂದಲೇ ಅವರ ಅಭಿಮಾನಿಗಳಾದರು.

ಆ ಕ್ಯಾಸೆಟ್ಟಿನಲ್ಲಿ ಒಂದು ಪದ್ಯದ ನಡುವೆ ಪಟ್ಟಿ ಮುಗಿದು 'ಟಕ್' ಎಂದು ನಿಲ್ಲುತ್ತಿತ್ತು. ಮಗ್ಗುಲು ಬದಲಾಯಿಸಿದರೆ ಪದ್ಯ ಮುಂದಕ್ಕೆ ಹೋಗಿಯಾಗಿರುತ್ತಿತ್ತು. ಕೇಳಿ ಕೇಳಿ ನಮಗೆ ಆ 'ಟಕ್' ಕೂಡ ಪದ್ಯದ ಭಾಗವೇ ಆಗಿಹೋಯಿತು. ಎಷ್ಟೋ ವರ್ಷಗಳ ಮೇಲೆ ನಮ್ಮಲ್ಲೊಬ್ಬರು ಸಂಬಳವಿಲ್ಲದ ರಜೆ ಹಾಕಿ ಮಾರ್ಚಿನಲ್ಲಿ ಊರಿಗೆ ಹೋಗಿ, ಬೇರೆ ಭಾಗವತರ ಬಾಯಲ್ಲಿ ಅದೇ ಪದ್ಯ ಕೇಳಿದರು. ಆ ಜಾಗ ಬಂದಾಗ ಅವರ ಕಿವಿ 'ಟಕ್'ಗಾಗಿ ಕಾಯಿತು. ಪದ್ಯ ನಿಲ್ಲಲಿಲ್ಲ, ಮುಂದೆ ಹೋಯಿತು. ಇಷ್ಟು ವರ್ಷ ಕೇಳದಿದ್ದ ಅರ್ಧ ಸಾಲು ಅಲ್ಲಿ ಸಿಕ್ಕಿತು. ಗದ್ದೆಯ ಮಧ್ಯೆ ಕೂತು ಕಣ್ಣೊರೆಸಿಕೊಂಡೆ ಎಂದು ಅವರು ಬಂದು ಹೇಳಿದಾಗ ನಾವ್ಯಾರೂ ನಗಲಿಲ್ಲ.

ಈ ಕ್ಯಾಸೆಟ್ ವಿಷಯ ಒಮ್ಮೆ ರಾಸ್ ಲಫಾನ್‌ನಲ್ಲಿ ಅಮೆರಿಕದ ಸಹೋದ್ಯೋಗಿಯೊಬ್ಬರ ಮುಂದೆ ಬಂತು. ಅವರು ಚಹಾದ ಲೋಟ ಕೆಳಗಿಟ್ಟು, "ನಾವೂ ಹೀಗೇ" ಎಂದರು. ಅವರ ದೇಶದಲ್ಲಿ ಜ್ಯಾಮ್ ಬ್ಯಾಂಡ್ ಎಂಬ ಸಂಗೀತ ತಂಡಗಳಿವೆ. ಹಾಡು ಗೊತ್ತಿರುವುದೇ, ಆದರೆ ವೇದಿಕೆಯ ಮೇಲೆ ಅದನ್ನು ಅಲ್ಲಲ್ಲೇ ಬೆಳೆಸುತ್ತ ಹೋಗುತ್ತಾರೆ. ಅವುಗಳಲ್ಲಿ ಹೆಸರುವಾಸಿ ಗ್ರೇಟ್‌ಫುಲ್ ಡೆಡ್. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ, 1995ರಲ್ಲಿ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ ಸುಮಾರು 2,300 ಕಚೇರಿ ಕೊಟ್ಟ ತಂಡ. ಅಭಿಮಾನಿಗಳು ಹಳೆಯ ವ್ಯಾನು ಹತ್ತಿಕೊಂಡು ಊರಿಂದೂರಿಗೆ ತಂಡದ ಹಿಂದೆಯೇ ಹೋಗುತ್ತಿದ್ದರಂತೆ. ನಮ್ಮವರು ಮೇಳದ ಹಿಂದೆ ಹೋದ ಹಾಗೆ! ಅವರೂ ಕಚೇರಿಯನ್ನು ಟೇಪು ಮಾಡಿ ಹಂಚಿಕೊಳ್ಳುತ್ತಿದ್ದರು. ತಂಡವೂ ಅದಕ್ಕೆ ಒಪ್ಪಿ, 1984ರಲ್ಲಿ ಟೇಪು ಮಾಡುವವರಿಗೆಂದೇ ಜಾಗ ಗೊತ್ತುಮಾಡಿತು. ಹಂಚಬಹುದು, ಮಾರಬಾರದು ಎಂಬುದು ಕಟ್ಟಳೆ.

ಅಷ್ಟು ಹೇಳಿ ಅವರು ಕೇಳಿದರು: "ನಿಮ್ಮ ಕಲಾವಿದರು ಏನಂದರು?" ನಮ್ಮ ಬಳಿ ಉತ್ತರವಿರಲಿಲ್ಲ. ನಾವು ಕೇಳಿಯೇ ಇರಲಿಲ್ಲ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಳ್ಳಿ, ಮತ್ತೆ ಬರುತ್ತೇವೆ.

ಕೇಳುವವರಿಲ್ಲದೆ ಇಂಥ ಕಲೆ ನಡೆಯುವುದಿಲ್ಲ ಎಂಬುದು ನಾವಿರುವ ಈ ನೆಲಕ್ಕೂ ಗೊತ್ತಿದ್ದ ಮಾತು. ಎಣ್ಣೆ ಸಿಗುವ ಮೊದಲು ಇಲ್ಲಿಯವರು ಮುತ್ತು ತೆಗೆಯಲು ತಿಂಗಳುಗಟ್ಟಲೆ ಹಡಗಿನಲ್ಲಿ ಹೋಗುತ್ತಿದ್ದರು. ಆ ಹಡಗುಗಳಲ್ಲಿ ಹಾಡಲೆಂದೇ 'ನಹ್ಹಾಮ್' ಎಂಬ ಹಾಡುಗಾರ ಇರುತ್ತಿದ್ದ. ಅವನು ಎತ್ತಿಕೊಂಡ ಹಾಡಿಗೆ ಹಗ್ಗ ಎಳೆಯುವವರು, ಹುಟ್ಟು ಹಾಕುವವರು ದನಿಗೂಡಿಸಬೇಕು. ಕತಾರಾದ ದೋಣಿ ಉತ್ಸವದಲ್ಲಿ ಆ ಹಾಡು ಕೇಳಿದಾಗ ಭಾಷೆ ತಿಳಿಯದಿದ್ದರೂ ನಮಗೆ ನಮ್ಮ ಭಾಗವತರ ನೆನಪಾಯಿತು.

ಈಗ ಕಾಲ ಬದಲಾಗಿದೆ. ಫೋನು ತೆರೆದರೆ ಆಟ ನೇರಪ್ರಸಾರದಲ್ಲಿ ಬರುತ್ತದೆ. ಕುಂದಾಪುರದಲ್ಲಿ ರಾತ್ರಿ ಒಂಬತ್ತೂವರೆಗೆ ಚೆಂಡೆ ಕೇಳಿದರೆ ದೋಹಾದಲ್ಲಿ ಇನ್ನೂ ಸಂಜೆ ಏಳು. ಅಲ್ಲಿ ಬೆಳಗಿನ ಆರಕ್ಕೆ ಮಂಗಳವಾದರೆ ಇಲ್ಲಿ ಮೂರೂವರೆ. ಶುಕ್ರವಾರ ರಜೆ ಇರುವುದರಿಂದ ಗುರುವಾರದ ಆಟ ನಮಗೆ ಹೇಳಿಮಾಡಿಸಿದ ಹಾಗೆ. ಆದರೂ ಒಂದು ಮಾತು ಹೇಳಬೇಕು. ಫೋನಿನಲ್ಲಿ ನೋಡುವಾಗ ನಾವು ಅಲ್ಲಿಲ್ಲ. ನಾವು ನಿದ್ದೆ ಹೋದರೂ ಅಂಬೆಗೆ ತಿಳಿಯುವುದಿಲ್ಲ, ನಾವು ತಲೆದೂಗಿದರೂ ಭಾಗವತರಿಗೆ ಕಾಣುವುದಿಲ್ಲ. ಅಲ್ಲೂ ಈಗ ಅನೇಕ ಮೇಳಗಳು ಕಾಲಮಿತಿಗೆ ಬಂದಿವೆ. ನಡುರಾತ್ರಿಯ ಹೊತ್ತಿಗೆ ಆಟ ಮುಗಿಯುತ್ತದೆ. ಬೆಳಗಿನ ತನಕ ಕೂರುವ ಜನ ಕಡಿಮೆಯಾದದ್ದೂ ಅದಕ್ಕೊಂದು ಕಾರಣ. ಆ ಕಡಿಮೆಯಾದ ಜನರಲ್ಲಿ ದುಬೈ, ದೋಹಾ, ಬೆಂಗಳೂರು ಸೇರಿದ ನಾವೂ ಇದ್ದೇವಲ್ಲವೇ?

ಇನ್ನು ಆ ಸಾಲದ ಮಾತು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ತಿರುಗಾಟ ನಡುವೆಯೇ ನಿಂತಿತು. ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. ಆ ದಿನಗಳಲ್ಲಿ ನಾವು ದೋಹಾದ ಮನೆಗಳಲ್ಲಿ ಕೂತು ಹೊತ್ತು ಕಳೆಯಲು ಹಳೆಯ ಆಟಗಳನ್ನೇ ನೋಡಿದೆವು. ನೋಡುತ್ತಿದ್ದ ಹಾಗೆ ನಮ್ಮಲ್ಲೊಬ್ಬರು, "ಈ ವೇಷಧಾರಿ ಈಗ ಏನು ಮಾಡುತ್ತಿರಬಹುದು?" ಎಂದರು. ಫೋನು ಮಾಡಿ ವಿಚಾರಿಸಿದೆವು. ಮನೆಯಲ್ಲೇ ಇದ್ದರು. ಸಂಬಳ ನಿಂತಿತ್ತು, ಮಂಡಿನೋವಿಗೆ ಔಷಧಿ ನಿಂತಿತ್ತು. ಆದರೂ ಅವರು ಮೊದಲು ಕೇಳಿದ್ದು, "ನೀವು ಅಲ್ಲಿ ಕ್ಷೇಮವಾ?" ಎಂದು. ವರ್ಷಗಟ್ಟಲೆ ಅವರ ಕುಣಿತವನ್ನು ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಫೋನಿಗೆ ದಾಟಿಸಿ, ಬಿಟ್ಟಿಯಾಗಿ ನೋಡಿ ಸಂತೋಷಪಟ್ಟವರು ನಾವು. ಅವರ ಮಂಡಿ ಸವೆದದ್ದು ನಮ್ಮ ಮುಂದೆ, ನಮಗಾಗಿ. ಅಮೆರಿಕದ ಆ ಸಹೋದ್ಯೋಗಿ ಕೇಳಿದ ಪ್ರಶ್ನೆಯ ಭಾರ ನಮಗೆ ತಿಳಿದದ್ದು ಆ ದಿನ.

ಆ ದಿನ ಕೈಲಾದಷ್ಟು ಕಳಿಸಿದೆವು. ಅದು ದಾನವಲ್ಲ, ಬಾಕಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಇಲ್ಲಿ ಸಿಹಿ ಹಂಚಿದವರು. ಹೆಮ್ಮೆಪಡುವುದು ಸುಲಭ. ಆದರೆ ಪ್ರಶಸ್ತಿ ಒಬ್ಬರಿಗೆ ಬಂದರೆ ಅವರ ಹಿಂದೆ ಹೆಸರು ಬಾರದ ನೂರಾರು ಮಂದಿ ಇದ್ದಾರೆ. ಕೋಡಂಗಿ ವೇಷದ ಹುಡುಗ, ಶ್ರುತಿ ಹಿಡಿಯುವವರು, ಪೆಟ್ಟಿಗೆ ಹೊರುವವರು, ರಂಗಸ್ಥಳ ಕಟ್ಟುವವರು. ಅವರಿಲ್ಲದೆ ರಾತ್ರಿ ಬೆಳಗಾಗುವುದಿಲ್ಲ.

ಈ ಬಾರಿ ನಮ್ಮ ಬಳಗ ಸಂಗ್ರಹಿಸುವ ನಿಧಿಯಲ್ಲಿ ಒಂದು ಪಾಲು ಇಂಥವರ ಚಿಕಿತ್ಸೆಗೆ, ಇನ್ನೊಂದು ಪಾಲು ಅವರ ಮಕ್ಕಳ ಓದಿಗೆ ಹೋಗಲಿದೆ. ದಯವಿಟ್ಟು ಕೈಬಿಚ್ಚಿ ಕೊಡಿ. ಎಷ್ಟು ಕೊಡಬೇಕೆಂದು ಗೊತ್ತಾಗದಿದ್ದರೆ ಒಂದು ಲೆಕ್ಕ ಹೇಳುತ್ತೇವೆ. ನಿಮ್ಮ ಜೀವಮಾನದಲ್ಲಿ ಟಿಕೆಟ್ಟಿಲ್ಲದೆ ನೋಡಿದ ಆಟಗಳೆಷ್ಟು, ನೆನಪಿಸಿಕೊಳ್ಳಿ. ಒಂದು ಆಟಕ್ಕೆ ಒಂದು ರಿಯಾಲಿನಂತೆ ಹಾಕಿದರೂ ನಮ್ಮ ಡಬ್ಬ ಸಾಲದು.

ಇನ್ನೊಂದು ಬೇಡಿಕೆ ದುಡ್ಡಿನದಲ್ಲ. ಸ್ವಲ್ಪ ಹೊತ್ತಿನಲ್ಲಿ ತೆರೆ ಸರಿಯುತ್ತದೆ. ಮೂರು ಗಂಟೆಗೆ ಇಳಿಸಿದ ಪ್ರಸಂಗ, ಅಷ್ಟು ಹೊತ್ತು ಫೋನು ಜೇಬಿನಲ್ಲಿರಲಿ. ರೆಕಾರ್ಡ್ ಮಾಡಬೇಕೆನಿಸಿದರೆ ಮೊದಲು ಚೌಕಿಗೆ ಹೋಗಿ ಒಂದು ಮಾತು ಕೇಳಿ ಬನ್ನಿ. ನಾವು ಕೇಳಲಿಲ್ಲ, ನೀವಾದರೂ ಕೇಳಿ. ಮಕ್ಕಳನ್ನು ಮುಂದೆ ಕೂರಿಸಿ. ನಿದ್ದೆ ಬಂದರೆ ಮಲಗಲಿ, ನಾವೂ ಹಾಗೇ ಮಲಗಿ ಚೆಂಡೆಯ ಪೆಟ್ಟಿಗೆ ಎದ್ದು ಕೂತು ಕಲಿತವರು. ಇವತ್ತಿನ ಈ ರಾತ್ರಿ ಮತ್ತೆ ಆಗುವುದಿಲ್ಲ. ಮುಂದಿನ ವರ್ಷ ಇದೇ ಕಲಾವಿದರು ಇದೇ ಪ್ರಸಂಗ ಆಡಿದರೂ ಅದು ಬೇರೆ ರಾತ್ರಿ.

ಭಾಗವತರು ಜಾಗಟೆ ಕೈಗೆತ್ತಿಕೊಂಡಿದ್ದಾರೆ. ಇನ್ನು ಮಾತಾಡಿದರೆ ತಪ್ಪಾಗುತ್ತದೆ.