ಕೋತಿಮರಿಗಳ ಆಟ



ಕೋತಿಮರಿಗಳು ಕುಸ್ತಿ ಆಡೋದನ್ನ ನೀವೆಲ್ಲ ಕಂಡವರೇ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವಾಗ ನಾನೂ ಗಾಡಿ ನಿಲ್ಲಿಸಿ ನೋಡಿದ್ದುಂಟು. ಬಾಯಿ ಅಗಲಿಸಿ ಕಚ್ಚಿದ ಹಾಗೆ ಮಾಡುತ್ತವೆ, ಗಾಯ ಮಾಡುವುದಿಲ್ಲ. ಹೊಟ್ಟೆ ತುಂಬಿ, ಮೈ ನೆಟ್ಟಗಿದ್ದರೇ ಈ ಆಟ.

ಆದ್ದರಿಂದ ಜಮೀನಿನ ಬದುವಿನಲ್ಲಿ ಕೋತಿ ಮಂಕಾಗಿ ಕೂತಿದ್ದರೆ, ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2012ರಲ್ಲಿ ನಮ್ಮ ಬಂಡೀಪುರದಲ್ಲೂ ಕಾಣಿಸಿತು. ಸತ್ತ ಕೋತಿಗಳನ್ನು ಸುಟ್ಟ ಕೆಲಸಗಾರರಲ್ಲಿ ಕೆಲವರು ಜ್ವರದಿಂದ ಮಲಗಿದರು. ಸತ್ತ ಕೋತಿಯ ಮೈಬಿಟ್ಟ ಉಣ್ಣೆ ಮನುಷ್ಯರನ್ನು ಕಚ್ಚುತ್ತದೆ. ಅರಣ್ಯ ಇಲಾಖೆಗೂ ಆರೋಗ್ಯ ಕೇಂದ್ರಕ್ಕೂ ಅಂದೇ ತಿಳಿಸಿ. ದನ ಮೇಯಿಸಲು ಕಾಡಂಚಿಗೆ ಹೋದವರು ಬಂದೊಡನೆ ಬಿಸಿನೀರಲ್ಲಿ ಮಿಂದು ಮೈಯೆಲ್ಲ ನೋಡಿಕೊಳ್ಳಿ.